ದೀಪ ಹಚ್ಚಿದ ಮೇಲಿನ ಕಸ

ಕೊಟ್ಟೂರಿನ ಬಸ್ ಸ್ಟ್ಯಾಂಡಿನಿಂದ ಟಾಕೀಸಿನ ಕಡೆ ಹೋಗುವ ರಸ್ತೆಯಲ್ಲಿ ಗುರುಬಸವರಾಜನ ಪ್ರೆಸ್ಸು. ಪ್ರೆಸ್ಸು ಅಂದರೆ ದೊಡ್ಡದೇನಲ್ಲ. ಹಿಂದಿನ ಕೋಣೆಯಲ್ಲಿ ಅಚ್ಚಿನ ಯಂತ್ರ, ಮುಂದಿನ ಕೋಣೆಯಲ್ಲಿ ಒಂದು ಮೇಜು, ಮೇಜಿನ ಮೇಲೆ ಕಂಪ್ಯೂಟರು, ಅದರ ಮುಂದೆ ಒಂದು ಕುರ್ಚಿ. ಆ ಕುರ್ಚಿ ಹಂಪಮ್ಮನದು. ಪ್ಲಾಸ್ಟಿಕ್ ಹೆಣೆದ ಕಬ್ಬಿಣದ ಕುರ್ಚಿ. ಒಂದು ಕಾಲಿನ ಕೆಳಗೆ ರಟ್ಟಿನ ತುಂಡು ಇಟ್ಟರೆ ಮಾತ್ರ ನೆಟ್ಟಗೆ ನಿಲ್ಲುತ್ತಿತ್ತು. ಅದರಲ್ಲಿ ಆಸೆಪಡುವಂಥದ್ದು ಏನಿದೆ ಎಂದು ಯಾರಾದರೂ ಕೇಳಿಯಾರು. ಹಂಪಮ್ಮ ಆ ಕುರ್ಚಿಗೆ ಬಂದ ದಾರಿ ಗೊತ್ತಿದ್ದವರು ಹಾಗೆ ಕೇಳುವುದಿಲ್ಲ.

ಹಂಪಮ್ಮನ ತಾಯಿ ಭರಮಮ್ಮ ಅದೇ ರಸ್ತೆಯ ಟಾಕೀಸಿನಲ್ಲಿ ಕಸ ಹೊಡೆಯುತ್ತಿದ್ದವಳು. ಆಟ ಬಿಟ್ಟ ಮೇಲೆ ಶೇಂಗಾ ಸಿಪ್ಪೆ, ಬೀಡಿ ತುಂಡು, ಹರಿದ ಟಿಕೆಟ್ಟು ಎಲ್ಲವನ್ನೂ ಕುರ್ಚಿಗಳ ಕೆಳಗಿನಿಂದ ಎಳೆದೆಳೆದು ಮೂಲೆಯಲ್ಲಿ ಗುಡ್ಡೆ ಹಾಕುವಳು. ಆದರೆ ಆ ಗುಡ್ಡೆಯನ್ನು ಆವತ್ತೇ ಹೊರಗೆ ಹಾಕುತ್ತಿರಲಿಲ್ಲ. ದೀಪ ಹಚ್ಚಿದ ಮೇಲೆ ಕಸ ಹೊರಗೆ ಹಾಕಿದರೆ ಅದರ ಜೊತೆ ಲಕ್ಷ್ಮಿಯೂ ಹೊರಟುಹೋಗುತ್ತಾಳೆ ಅನ್ನುವುದು ಮನೆಮನೆಯ ಪದ್ಧತಿ. ಟಾಕೀಸಿಗೂ ಮನೆಯ ಪದ್ಧತಿಯೇನಮ್ಮಾ ಎಂದು ಮ್ಯಾನೇಜರು ನಗುತ್ತಿದ್ದ. ಭರಮಮ್ಮನಿಗೆ ಲಕ್ಷ್ಮಿಯ ಭಯ ಒಂದು ಕಡೆಯಾದರೆ ತನ್ನದೇ ಕೆಲಸದ ಕ್ರಮ ಇನ್ನೊಂದು ಕಡೆ.

“ಕತ್ತಲದಾಗ ಸಿಪ್ಪಿ ಯಾವುದು, ಕಾಲುಂಗುರ ಯಾವುದು ಗೊತ್ತಾಗಂಗಿಲ್ರಿ. ಬೆಳಗಾಗ್ಲಿ, ನೋಡಿ ಹಾಕ್ತೀನಿ” ಅನ್ನುವಳು.

ಬೆಳಿಗ್ಗೆ ಬಿಸಿಲಿಗೆ ಕೂತು, ಗುಡ್ಡೆಯನ್ನು ಬೆರಳಿನಿಂದ ಕೆದಕಿ ನೋಡಿದ ಮೇಲೆಯೇ ಅದು ಹೊರಗೆ ಹೋಗಬೇಕು. ಬೆಂಡೋಲೆ ಸಿಕ್ಕಿದ್ದುಂಟು, ಕೂಸಿನ ಉಡಿದಾರದ ಬೆಳ್ಳಿಗುಂಡು ಸಿಕ್ಕಿದ್ದುಂಟು, ಯಾರದೋ ಮನೆಯ ಬೀಗದ ಕೈ ಸಿಕ್ಕಿದ್ದುಂಟು. ಕಳೆದುಕೊಂಡವರು ಅಳುತ್ತ ಬಂದರೆ ಸೆರಗಿನ ಗಂಟು ಬಿಚ್ಚಿ ಕೊಡುವಳು. ಇಷ್ಟೆಲ್ಲ ಮಾಡಿದ ಭರಮಮ್ಮ ಒಂದು ದಿನವಾದರೂ ಕುರ್ಚಿಯಲ್ಲಿ ಕೂತು ಸಿನಿಮಾ ನೋಡಿದವಳಲ್ಲ. ಬಂದ ಸಿನಿಮಾಗಳನ್ನೆಲ್ಲ ಬಾಗಿಲ ಪಕ್ಕ ಕಸಬರಿಗೆ ಹಿಡಿದು ನಿಂತೇ ನೋಡಿದಳು. ಕೂರಬೇಡ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಕೂರು ಎಂದೂ ಯಾರೂ ಹೇಳಿರಲಿಲ್ಲ.

ಮಗಳು ಮಾತ್ರ ಕುರ್ಚಿಯಲ್ಲಿ ಕೂತು ಮಾಡುವ ಕೆಲಸಕ್ಕೇ ಹೋಗಬೇಕು ಎಂದು ಅವಳ ಹಟ. ಹತ್ತನೇ ತರಗತಿ ಓದಿಸಿದಳು, ಟೈಪಿಂಗ್ ಕ್ಲಾಸಿಗೆ ಸೇರಿಸಿದಳು. ನಡುವೆ ಅಣ್ಣತಮ್ಮಂದಿರು, ಮಾವಂದಿರು ಎಲ್ಲ ಕೂಡಿ ಹಂಪಮ್ಮನನ್ನು ಗುಡೇಕೋಟೆಗೆ ಮದುವೆ ಮಾಡಿಕೊಟ್ಟರು. ಆ ಹುಡುಗಿಯನ್ನು ಒಂದು ಮಾತು ಕೇಳಿದವರಿಲ್ಲ. ಗಂಡ ಬೇರೆ ಸಂಸಾರ ಹೂಡಿದಾಗ ವಾಪಸು ಕೊಟ್ಟೂರಿಗೆ ಬಂದಳು. ಆಗಲೂ ಯಾರೂ ಕೇಳಲಿಲ್ಲ. ಅವಳ ಕೈಬರಹ ಮುತ್ತು ಪೋಣಿಸಿದ ಹಾಗಿತ್ತು. ಗುರುಬಸವರಾಜನ ತಂದೆ ಅದನ್ನು ನೋಡಿ ನಾಟಕದ ಪಾರ್ಟು ಬರೆಯುವ ಕೆಲಸ ಕೊಟ್ಟರು.

ಆ ಸೀಮೆಯಲ್ಲಿ ಊರೂರಿಗೂ ನಾಟಕ. ಸುಗ್ಗಿ ಮುಗಿದು ಕೈ ಖಾಲಿಯಾಯಿತೆಂದರೆ ಹೊಲದಲ್ಲಿ ಗಳೆ ಹೊಡೆದವನೇ ರಂಗದ ಮೇಲೆ ಜಮೀನ್ದಾರನಾಗುತ್ತಾನೆ, ಹಾಲು ಹಾಕುವವನು ಇನ್ಸ್‌ಪೆಕ್ಟರನಾಗುತ್ತಾನೆ. ನಾಟಕ ಬರೆಯುವವನನ್ನು ಊರು ‘ಕವಿಗಳು’ ಎಂದೇ ಕರೆಯುತ್ತದೆ. ಕವಿಗಳು ಬರೆದ ನಾಟಕದಿಂದ ಒಬ್ಬೊಬ್ಬ ಪಾತ್ರಧಾರಿಯ ಮಾತನ್ನೂ ಬೇರೆ ಮಾಡಿ ಬರೆದುಕೊಡುವುದೇ ಪಾರ್ಟು. ಹಂಪಮ್ಮ ಮೊದಲು ಅದನ್ನು ಕೈಯಲ್ಲಿ ಬರೆದಳು. ಆಮೇಲೆ ಪ್ರೆಸ್ಸಿಗೆ ಕಂಪ್ಯೂಟರು ಬಂತು, ಅದರಲ್ಲಿ ಹೊಡೆದಳು.

ಆ ಹಳೆಯ ಕಂಪ್ಯೂಟರು ಡಾಸ್ ಕಾಲದ್ದು. ಕಪ್ಪು ಪರದೆ, ಬಿಳಿ ಅಕ್ಷರ, ಮಿಣಿಮಿಣಿ ಅನ್ನುವ ಒಂದು ಗೆರೆ. ಇಂಥ ಕೆಲಸಕ್ಕೆ ಇಂಥ ಮಾತು ಎಂದು ಇಂಗ್ಲಿಷ್ ಅಕ್ಷರಗಳ ಸರಮಾಲೆಯನ್ನು ಹಂಪಮ್ಮ ಬಾಯಿಪಾಠ ಮಾಡಿದ್ದಳು. ಅರ್ಥ ಎಷ್ಟು ಗೊತ್ತಿತ್ತೋ ಶಿವನೇ ಬಲ್ಲ, ಆದರೆ ಬೆರಳು ತಪ್ಪುತ್ತಿರಲಿಲ್ಲ. ದಿನಾ ಸಂಜೆ ಒಂದು ಸಾಲು ಹೊಡೆದರೆ ಆವತ್ತಿನ ಕೆಲಸವೆಲ್ಲ ಇನ್ನೊಂದು ನಕಲಾಗಿ ಫ್ಲಾಪಿ ತಟ್ಟೆಗೆ ಹೋಗಿ ಕೂರುತ್ತಿತ್ತು. ಆ ಯಂತ್ರ ಹೇಳಿದ್ದನ್ನು ಮಾಡುತ್ತಿತ್ತು, ಹೇಳದಿದ್ದರೆ ಸುಮ್ಮನಿರುತ್ತಿತ್ತು. ಅವಳಿಗೂ ಅದಕ್ಕೂ ಹೊಂದಿಕೆಯಾಗಿತ್ತು.

ಒಂದು ಬೇಸಿಗೆಯಲ್ಲಿ ಅದು ಕೆಟ್ಟು ನಿಂತಿತು. ಹೊಸಪೇಟೆಯಿಂದ ಬಂದ ಕಂಪ್ಯೂಟರ್ ರಿಪೇರಿಯ ಗುರುಮೂರ್ತಿ, ಇನ್ನಿದು ರಿಪೇರಿಯಾಗುವುದಿಲ್ಲ ಎಂದು ಕೈಚೆಲ್ಲಿ, ಹೊಸದೊಂದನ್ನು ತಂದು ಜೋಡಿಸಿದ. ಒಳಗೆ ವಿಂಡೋಸ್. ಅವನು ಗುಂಡಿ ಒತ್ತಿದ್ದೇ ತಡ, ಪರದೆ ತುಂಬ ಹಸಿರು ಗುಡ್ಡವೊಂದು ಮಲಗಿಕೊಂಡಿತು. ಮೇಲೆ ನೀಲಿ ಆಕಾಶ, ಬಿಳಿ ಮೋಡ.

ಹಂಪಮ್ಮ ಕುರ್ಚಿಯಲ್ಲಿ ಹಿಂದಕ್ಕೆ ಸರಿದಳು. ಗುಡೇಕೋಟೆಯಲ್ಲಿ ಸಂಸಾರ ಮಾಡಿದವಳಿಗೆ ಗುಡ್ಡ ಗೊತ್ತಿಲ್ಲವೆ? ಗುಡ್ಡ ಅಂದರೆ ಬಂಡೆ, ಬಂಡೆಯ ಸಂದಿಯಲ್ಲಿ ಜಾಲಿ, ಜಾಲಿಯ ಕೆಳಗೆ ಒಂದು ಆಡು. ಒಂದೂ ಕಲ್ಲಿಲ್ಲದ, ತುದಿಯಿಂದ ಬುಡದವರೆಗೆ ಬರೀ ಹಸಿರಾದ ಗುಡ್ಡವನ್ನು ಅವಳು ಕನಸಿನಲ್ಲೂ ಕಂಡಿರಲಿಲ್ಲ.

“ಈ ಗುಡ್ಡ ಯಾವೂರಿಂದ್ರಿ?” ಎಂದು ಕೇಳಿದಳು.

“ಯಾರಿಗೆ ಗೊತ್ತ್ರಿ ಅಕ್ಕಾರ, ಅದು ಬರೇ ಚಿತ್ರ” ಅಂದ ಗುರುಮೂರ್ತಿ. “ಇನ್ನ ಮ್ಯಾಲೆ ನೀವು ಏನೂ ಬಾಯಿಪಾಠ ಮಾಡೋದು ಬ್ಯಾಡ್ರಿ. ಎಲ್ಲಾ ಕಣ್ಣಿಗೆ ಕಾಣ್ತೈತಿ. ಬೇಕಾದ್ದರ ಮ್ಯಾಲೆ ಮೌಸ್ ಇಟ್ಟು ಒತ್ತಿದ್ರ ಆತು.”

ಅವನಿಗೆ ಹೇಳುವುದು ಸುಲಭ. ಅವನು ಹೋದ ಮೇಲೆ ಗುರುಬಸವರಾಜ ಮೇಜಿನ ಹತ್ತಿರ ಬಂದು ನಿಂತ. ಒರಟನಲ್ಲ, ಆದರೆ ವ್ಯಾಪಾರಸ್ಥ, ಮಾತು ಸುತ್ತಿಬಳಸುವವನಲ್ಲ.

“ನೋಡು ಹಂಪಮ್ಮ. ತಂಬ್ರಹಳ್ಳಿ ಬೆನಕಪ್ಪ ಕವಿಗಳ ನಾಟಕ ಬಂದೈತಿ. ಅದನ್ನ ಈ ಹೊಸಾದ್ರಾಗ ಪೂರಾ ಮಾಡಿ ಕೊಡು. ಕೊಟ್ರ ಈ ಕುರ್ಚಿ ನಿಂದ. ಆಗಲಿಲ್ಲಂದ್ರ ಹಿಂದಿನ ಕ್ವಾಣ್ಯಾಗ ಹಾಳಿ ಮಡಚೋ ಕೆಲ್ಸ ಐತಿ, ಪಗಾರ ಏನೂ ಕಡಿಮಿ ಮಾಡಂಗಿಲ್ಲ. ಇಲ್ಲಿ ಅರ್ಚನಾನ್ನ ಕುಂದ್ರಸ್ತೀನಿ.”

ಅರ್ಚನಾ ಅಂದರೆ ಅವನ ಹೆಂಡತಿ ಗಂಗಾಂಬಿಕಾಳ ಅಣ್ಣನ ಮಗಳು, ಹರಪನಹಳ್ಳಿಯ ಹುಡುಗಿ, ಕಂಪ್ಯೂಟರ್ ಕೋರ್ಸು ಮುಗಿಸಿದವಳು. ಹಂಪಮ್ಮ “ಆಗಲ್ರಿ ಸಾವ್ಕಾರ್ರ” ಅಂದಳು. ಹಾಳೆ ಮಡಚುವುದು ನೆಲದ ಮೇಲೆ ಕೂತು ಮಾಡುವ ಕೆಲಸ. ಪಗಾರ ಅಷ್ಟೇ ಬರುತ್ತದೆ, ನಿಜ. ಆದರೆ ಅವ್ವನಿಗೆ ಹೇಗೆ ಹೇಳುವುದು?

ಬೆನಕಪ್ಪ ತಂಬ್ರಹಳ್ಳಿಯ ಟೇಲರು. ಕಣ್ಣಿಗೆ ಪೊರೆ ಬಂದು ಬರೆಯುವುದು ನಿಂತಿತ್ತು, ನಾಟಕ ಕಟ್ಟುವುದು ನಿಂತಿರಲಿಲ್ಲ. ‘ಕೊಟ್ಟ ಮಾತು ಸುಟ್ಟ ಊರು’ ಎಂಬ ಈ ನಾಟಕವನ್ನು ಅವನು ಪ್ರೆಸ್ಸಿನಲ್ಲಿ ಅತ್ತಿಂದಿತ್ತ ಅಡ್ಡಾಡುತ್ತ ಬಾಯಲ್ಲಿ ಹೇಳುವುದು, ಹಂಪಮ್ಮ ಹೊಡೆಯುವುದು ಎಂದು ಮಾತಾಗಿತ್ತು. ಹೇಳುವಾಗ ಗೌಡನಾಗಿ ಗುಡುಗುವನು, ಮರುಕ್ಷಣ ಸೊಸೆಯಾಗಿ ಅಳುವನು, ಹೇಳಿದ್ದನ್ನು ಅಳಿಸಿ ಬೇರೆ ಹೇಳುವನು. ಮರುದಿನ ಕೇಳಿದರೆ ಒಂದು ಸಾಲೂ ನೆನಪಿಲ್ಲ.

“ನನ್ನ ಬಾಯಿಂದ ಬಿದ್ದದ್ದು ನಿನ್ನ ಮಷೀನಿಗೆ ಸೇರಿತವಾ, ನನ್ನ ತೆಲಿ ಖಾಲಿ” ಅನ್ನುವನು. ಎಲ್ಲ ಮುಗಿದ ಮೇಲೆ ಒಮ್ಮೆಗೇ ಹಾಳೆಗೆ ತೆಗೆಯಬೇಕು, ನಡುನಡುವೆ ತೆಗೆದು ಹಾಳೆ ದಂಡ ಮಾಡಬಾರದು ಎಂದು ಗುರುಬಸವರಾಜ ಹೇಳಿದ್ದ. ಹೀಗಾಗಿ ಆ ನಾಟಕ ಇದ್ದದ್ದು ಹೊಸ ಯಂತ್ರದ ಒಳಗೆ ಮಾತ್ರ.

ಶುರುವಿನ ದಿನಗಳನ್ನು ನೆನೆದರೆ ನಗು ಬರುತ್ತದೆ, ಆಗ ಹಂಪಮ್ಮನಿಗೆ ಬಂದದ್ದು ಅಳು. ಅಕ್ಷರದ ಮಣೆ ಹಳೆಯದರ ಹಾಗೇ ಇತ್ತು, ಅದೊಂದು ಪುಣ್ಯ. ಮೌಸು ಮಾತ್ರ ಕೈಗೆ ಸಿಕ್ಕಿದ ಹಾವುರಾಣಿ. ಸರಿಸುತ್ತ ಸರಿಸುತ್ತ ಮೇಜಿನ ಅಂಚಿಗೆ ಬಂದರೂ ಪರದೆಯ ಮೇಲಿನ ಬಾಣ ನಡುದಾರಿಯಲ್ಲೇ ನಿಂತಿರುತ್ತಿತ್ತು. ಇನ್ನೂ ಮುಂದೆ ಹೋಗಬೇಕೆಂದರೆ ಮೇಜನ್ನೇ ಉದ್ದ ಮಾಡಬೇಕಲ್ಲ! ಎತ್ತಿ ವಾಪಸು ಈಚೆ ಇಟ್ಟುಕೊಳ್ಳಬೇಕೆಂದು ಹೊಳೆಯುವವರೆಗೆ ಅವಳು ಕೈಚಾಚಿ ಪಕ್ಕದ ಕಿಟಕಿಯ ಕಟ್ಟೆಯ ಮೇಲೂ ಮೌಸು ಓಡಿಸಿದಳು. ಎರಡು ಸಲ ಬೇಗಬೇಗ ಒತ್ತಬೇಕಾದಲ್ಲಿ ಅವಳದು ನಿಧಾನ. “ಮಷೀನಿನ ಪೆಡಲ್ ತುಳದಂಗ ಜೋಡಿ ಹೊಡಿಯವಾ, ಟಕಟಕಾ ಅಂತ” ಎಂದು ಬೆನಕಪ್ಪನೇ ಹೇಳಿಕೊಟ್ಟ.

ಅದಕ್ಕಿಂತ ಕಷ್ಟ ಇನ್ನೊಂದಿತ್ತು. ಹಳೆಯದರಲ್ಲಿ ಒಂದು ಕೆಲಸ ಮುಗಿಸಿ ಹೊರಬಂದರೇ ಇನ್ನೊಂದು. ಇದರಲ್ಲಿ ಒಂದರ ಮೇಲೊಂದು ತೆರೆದುಕೊಳ್ಳುತ್ತಿತ್ತು. ಮೇಲಿನದು ಕೆಳಗಿನದನ್ನು ಮುಚ್ಚಿದರೆ ಕೆಳಗಿನದು ಸತ್ತೇಹೋಯಿತೆಂದು ಹಂಪಮ್ಮ ಗಾಬರಿಯಾಗಿ ಅದನ್ನು ಮತ್ತೆ ತೆರೆಯುವಳು, ಅದು ಮುಚ್ಚಿಕೊಂಡರೆ ಇನ್ನೊಮ್ಮೆ. ಸಂಜೆಯ ಹೊತ್ತಿಗೆ ಪರದೆಯ ಕೆಳಪಟ್ಟಿಯಲ್ಲಿ ಕಾಲಿಡಲು ಜಾಗವಿಲ್ಲದಷ್ಟು ತುಂಬಿ, ಯಂತ್ರ ಉಸಿರುಕಟ್ಟಿ ನಿಲ್ಲುತ್ತಿತ್ತು. ಒಂದು ದಿನ ಆ ಪಟ್ಟಿಯ ಮೇಲೆ ಕೈತಪ್ಪಿ ಒತ್ತಿದಳು. ಮಧ್ಯಾಹ್ನ ಕಳೆದುಹೋಗಿತ್ತೆಂದುಕೊಂಡಿದ್ದ ದೃಶ್ಯ ಇದ್ದ ಹಾಗೇ ಎದ್ದು ಬಂತು. ಬಿಟ್ಟ ಅಕ್ಷರದ ಪಕ್ಕದಲ್ಲೇ ಆ ಗೆರೆ ಮಿಣಿಮಿಣಿ ಅನ್ನುತ್ತಿತ್ತು. ಕಣ್ಣಿಗೆ ಕಾಣದಿದ್ದರೂ ಅಷ್ಟೊತ್ತು ಅವಳಿಗಾಗಿ ಕಾಯುತ್ತ ಕೂತಿತ್ತು! ಹಂಪಮ್ಮನಿಗೆ ಮೈ ಜುಮ್ಮೆಂದಿತು. ಪರದೆಗೆ ಕೈಮುಗಿಯಬೇಕೆನಿಸಿ, ಸಾವ್ಕಾರ್ರು ನೋಡಿಯಾರೆಂದು ಸೆರಗು ಸರಿಮಾಡಿಕೊಂಡಳು.

ಇನ್ನೊಮ್ಮೆ ಬೆನಕಪ್ಪ ಮಾತು ಹೊಳೆಯದೆ ಬೀಡಿ ಸೇದುತ್ತ ನಿಂತಿದ್ದ, ಹಂಪಮ್ಮ ಕೈಕಟ್ಟಿ ಕೂತಿದ್ದಳು. ಪರದೆ ಕಪ್ಪಾಗಿ, ಬಣ್ಣಬಣ್ಣದ ಕೊಳವೆಗಳು ತಾವಾಗಿಯೇ ಬೆಳೆಯತೊಡಗಿದವು. ಮುಟ್ಟದೆ ಬಿಟ್ಟರೆ ಯಂತ್ರ ಹೀಗೆ ತಾನೇ ಚಿತ್ರ ಬಿಡಿಸುತ್ತದೆಂದು ಇಬ್ಬರಿಗೂ ಗೊತ್ತಿರಲಿಲ್ಲ.

“ಹಂಪವ್ವಾ, ನನ್ನ ನಾಟಕದಾಗ ಯಾರೋ ಪೈಪು ಇಳಸಾಕ ಹತ್ಯಾರಲ್ಲ ಬೇ!” ಎಂದು ಬೆನಕಪ್ಪ ಕಿರುಚಿದ. ಇಬ್ಬರೂ ಉಸಿರು ಬಿಗಿಹಿಡಿದು ನೋಡುತ್ತ ಕೂತರು. ಹೆದರಿಕೆಯಿತ್ತು, ಆದರೆ ಅಷ್ಟು ಚೆಂದದ್ದನ್ನು ನೋಡದೆ ಇರುವುದು ಹೇಗೆ? ಕೊನೆಗೆ ಹಂಪಮ್ಮ ಮೌಸು ಮುಟ್ಟಿದಾಗ ಕೊಳವೆಗಳು ಮಾಯವಾಗಿ ಸೊಸೆ ಅಳುತ್ತಿದ್ದ ದೃಶ್ಯ ಹಾಗೇ ಇತ್ತು.

ಗುರುಮೂರ್ತಿ ಇನ್ನೊಮ್ಮೆ ಬಂದಾಗ ಹಸಿರು ಗುಡ್ಡದ ಮೇಲೆ ಸಾಲಾಗಿ ಕೂತಿದ್ದ ಸಣ್ಣ ಸಣ್ಣ ಚಿತ್ರಗಳ ವಿಷಯ ಕೇಳಿದಳು. ಅವನು ಒಂದು ಚಿತ್ರದ ಮೇಲೆ ಬೆರಳಿಟ್ಟು ಹೇಳಿದ: “ಇದು ಬರೇ ಬೋರ್ಡ್ ಇದ್ದಂಗ್ರಿ ಅಕ್ಕಾರ. ಅಂಗಡಿ ಬೋರ್ಡ್ ಕಿತ್ತಿಟ್ರ ಒಳಗಿನ ಅಂಗಡಿ ಹೋಗಂಗಿಲ್ಲಲ್ಲ? ಹಂಗ.” ಅವನು ತೋರಿಸಿದ ಚಿತ್ರದ ಮೂಲೆಯಲ್ಲಿ ಸಣ್ಣದೊಂದು ಬಾಣದ ಗುರುತಿತ್ತು. ಆ ಗುರುತು ಇದ್ದದ್ದು ಮಾತ್ರ ಬೋರ್ಡು, ಇಲ್ಲದ್ದು ಅಂಗಡಿಯೇ. ಅದನ್ನು ಹೇಳಲು ಅವನಿಗೆ ನೆನಪಾಗಲಿಲ್ಲ, ಕೇಳಲು ಅವಳಿಗೆ ಗೊತ್ತಿರಲಿಲ್ಲ. ಎಲ್ಲವೂ ಬೋರ್ಡುಗಳೇ ಎಂದು ಹಂಪಮ್ಮ ಮನಸ್ಸಿನಲ್ಲಿ ಬರೆದಿಟ್ಟುಕೊಂಡಳು. ಫ್ಲಾಪಿಗೆ ಹಾಕುವುದನ್ನು ಮುಂದಿನ ಸಲ ಕಲಿಸುತ್ತೇನೆಂದು ಅವನು ಬಸ್ಸು ಹಿಡಿದ.

ಅಂತೂ ಅಮಾವಾಸ್ಯೆಯ ದಿನ ಮಧ್ಯಾಹ್ನ ನಾಟಕ ಮುಗಿಯಿತು. ಕೊನೆಯ ದೃಶ್ಯದಲ್ಲಿ ಗೌಡ ತನ್ನ ಸುಟ್ಟ ಊರಿನ ಮುಂದೆ ಮಂಡಿಯೂರಿದಾಗ ಹೇಳುತ್ತಿದ್ದ ಬೆನಕಪ್ಪನ ಕಣ್ಣಲ್ಲಿ ನೀರು, ಹೊಡೆಯುತ್ತಿದ್ದ ಹಂಪಮ್ಮನ ಕಣ್ಣಲ್ಲೂ ನೀರು. “ನಾಳೆ ಹುಡುಗ್ರನ್ನ ಕರ್ಕೊಂಡು ಬರ್ತೀನವಾ. ಹಾಳಿ ಒಯ್ದು ನಾಳೆ ಸಂಜಿಗೇನ ತಾಲೀಮಿಗೆ ಕಾಯಿ ಒಡಿತೀವಿ” ಎಂದು ಹೇಳಿ ಅವನು ಊರಿಗೆ ಹೋದ.

ಅಮಾವಾಸ್ಯೆಗೆ ಕೊಟ್ಟೂರಿನ ಅಂಗಡಿಗಳಲ್ಲೆಲ್ಲ ಪೂಜೆ. ಹೊಸ ಕಂಪ್ಯೂಟರಿನ ಮೊದಲ ಅಮಾವಾಸ್ಯೆ ಎಂದು ಗುರುಬಸವರಾಜ ಅಕ್ಕಪಕ್ಕದವರನ್ನೆಲ್ಲ ಕರೆದಿದ್ದ. ಗಂಗಾಂಬಿಕಾ ಅರ್ಚನಾಳನ್ನು ಕರೆದುಕೊಂಡು ಬಂದು, ಪ್ರೆಸ್ಸಿನ ಹೊಸ್ತಿಲು ತೊಳೆದು, ದೀಪ ಹಚ್ಚಿಟ್ಟು, ಪ್ರಸಾದ ತರಲು ಇಬ್ಬರೂ ಮನೆಗೆ ಹೋದರು. ಹಂಪಮ್ಮ ಯಂತ್ರದ ಹಣೆಗೆ ವಿಭೂತಿ ಹಚ್ಚಿದಳು.

“ಆ ಗುಡ್ಡದ ಮ್ಯಾಲೆಲ್ಲ ಏನೇನೋ ಹರವಿ ಬಿಟ್ಟೀಯಲ್ಲ ಹಂಪಮ್ಮ. ನಾಕು ಮಂದಿ ನೋಡೋರು ಬರ್ತಾರ. ಎಲ್ಲಾ ತಗದು ಚೊಕ್ಕ ಮಾಡು” ಅಂದ ಗುರುಬಸವರಾಜ.

ಚೊಕ್ಕ ಮಾಡುವುದು ಅವಳ ಮನೆತನದ ವಿದ್ಯೆ. ಬೋರ್ಡುಗಳು ತಾನೆ ಎಂದುಕೊಂಡು ಒಂದೊಂದೇ ಚಿತ್ರವನ್ನು ಹಿಡಿದೆಳೆದು ಮೂಲೆಯ ಕಸದ ಬುಟ್ಟಿಗೆ ಹಾಕಿದಳು. ಬೆನಕಪ್ಪನ ನಾಟಕದ ಚಿತ್ರವೂ ಹೋಯಿತು. ಅದಕ್ಕೆ ಬಾಣದ ಗುರುತು ಇರಲಿಲ್ಲ. ಒಂದೊಂದು ಬಿದ್ದಾಗಲೂ ಗುಡ್ಡ ಇನ್ನಷ್ಟು ಹಸಿರಾಗಿ ತೆರೆದುಕೊಂಡಿತು, ಖಾಲಿ ಇದ್ದ ಬುಟ್ಟಿಯಲ್ಲಿ ಮುದುಡಿದ ಹಾಳೆಗಳು ಕಾಣಿಸಿಕೊಂಡವು. ಕಸ ಹಾಕಿದರೆ ತುಂಬಿದ ಹಾಗೆ ತೋರಿಸುವ ಬುಟ್ಟಿ! ಇದನ್ನು ಅವ್ವನಿಗೆ ಹೇಳಬೇಕು ಅಂದುಕೊಂಡಳು.

“ಪೂಜಿಗೆ ಬಂದೋರು ತುಂಬಿದ ಕಸದ ಬುಟ್ಟಿ ನೋಡಬೇಕೇನು? ಅದನ್ನೂ ಖಾಲಿ ಮಾಡು” ಅಂದ ಗುರುಬಸವರಾಜ. ಎಲ್ಲಿ ಒತ್ತಬೇಕೆಂದು ಗುರುಮೂರ್ತಿಯಿಂದ ಕಲಿತಿದ್ದನ್ನು ಅವನೇ ಹೇಳಿಕೊಟ್ಟ. ಹಂಪಮ್ಮ ಒತ್ತಿದಳು.

ಆಗ ಯಂತ್ರ ಸಣ್ಣಗೆ ಟಿಣ್ ಎಂದು ಸದ್ದು ಮಾಡಿ, ಗುಡ್ಡದ ನಡುವೆ ಒಂದು ಪುಟ್ಟ ಚೌಕ ತೆರೆದು ಅವಳನ್ನು ಪ್ರಶ್ನೆ ಕೇಳಿತು. ಇಂಗ್ಲಿಷನ್ನು ಅವಳು ಅಕ್ಷರ ಕೂಡಿಸಿ ಓದುತ್ತಿದ್ದಳು. ಆರ್ ಯೂ ಶೂರ್. ಆ ಮಾತಿನ ಅರ್ಥ ಗುರುಮೂರ್ತಿ ಮೊದಲೇ ಹೇಳಿದ್ದ: ಖರೇ ಮಾಡಲೇನು, ನಿನ್ನ ಮನಸ್ಸಿಗೆ ಬಂದೈತೇನು, ಅಂತ ಕೇಳ್ತೈತ್ರಿ ಅಕ್ಕಾರ.

ಹಂಪಮ್ಮನ ಕೈ ನಿಂತಿತು. ಗುಡೇಕೋಟೆಗೆ ಕೊಡುವಾಗ ಅವಳನ್ನು ಯಾರೂ ಹೀಗೆ ಕೇಳಿರಲಿಲ್ಲ. ಅಲ್ಲಿಂದ ಗಂಟು ಹೊರಿಸಿ ಕಳಿಸುವಾಗ ಕೇಳಿರಲಿಲ್ಲ. ಹಾಳೆ ಮಡಚಲು ಹೋಗುತ್ತೀಯಾ ಎಂದು ಸಾವ್ಕಾರ್ರೂ ಕೇಳಿರಲಿಲ್ಲ, ಹೇಳಿದ್ದರು ಅಷ್ಟೆ. ಕಸ ಹೊರಗೆ ಹಾಕುವಂಥ ಸಣ್ಣ ಕೆಲಸಕ್ಕೆ ಒಂದು ಯಂತ್ರ ಕೈಕಟ್ಟಿ ನಿಂತು, ಅವಳ ಮನಸ್ಸು ಏನೆಂದು ಕೇಳುತ್ತಿದೆ. ಅವಳು ಹೇಳುವವರೆಗೆ ಕದಲುವುದಿಲ್ಲ. ಹಾಗೆ ಕೇಳಿದವರಿಗೆ ಯೋಚಿಸದೆ ಉತ್ತರ ಕೊಡುವುದುಂಟೆ ಎಂದು ಯೋಚಿಸಿದಳು. ಹೊಸ್ತಿಲ ಹತ್ತಿರ ದೀಪ ಉರಿಯುತ್ತಿತ್ತು.

“ಸಾವ್ಕಾರ್ರ, ದೀಪ ಹಚ್ಯಾರಲ್ರಿ” ಅಂದಳು. “ಕಸ ಈಗ ಬ್ಯಾಡ್ರಿ. ಬೆಳಗ್ಗೆ ನೋಡಿ ಹಾಕ್ತೀನಿ.”

ಗುರುಬಸವರಾಜ ಏನೋ ಹೇಳಲು ಬಾಯಿ ತೆರೆದ. ಆದರೆ ಅಮಾವಾಸ್ಯೆಯ ಸಂಜೆ, ಲಕ್ಷ್ಮಿಯನ್ನು ಕರೆಯಲೆಂದೇ ಹಚ್ಚಿದ ದೀಪ. ಯಾವ ವ್ಯಾಪಾರಸ್ಥನಿಗೆ ಧೈರ್ಯ ಬಂದೀತು? “ಹೌದು ಬಿಡು, ಅದೂ ಖರೇನ” ಎಂದು ತಲೆ ಕೆರೆದುಕೊಂಡ. ಹಂಪಮ್ಮ ‘ನೋ’ ಎಂಬುದನ್ನು ಒತ್ತಿದಳು. ಚೌಕ ಮರುಮಾತಿಲ್ಲದೆ ಮುಚ್ಚಿಕೊಂಡಿತು.

ಮರುದಿನ ಬೆಳಿಗ್ಗೆ ಹಂಪಮ್ಮ ಬೀಗ ತೆಗೆಯುವ ಹೊತ್ತಿಗೇ ಬೆನಕಪ್ಪ ನಾಲ್ಕಾರು ಪಾತ್ರಧಾರಿಗಳನ್ನು ಕಟ್ಟಿಕೊಂಡು ಬಂದು ನಿಂತಿದ್ದ. ಇಸ್ತ್ರಿ ಅಂಗಿ, ಹೆಗಲಿಗೆ ಟವೆಲು. ಹಂಪಮ್ಮ ಪರದೆಯ ಕೆಳಪಟ್ಟಿಯ ಗುಂಡಿಯಿಂದ ಟೈಪು ಮಾಡುವ ಪ್ರೋಗ್ರಾಮು ತೆರೆದು, ಅಂಗಡಿ ಒಳಗೇ ಇದೆ ಎಂಬ ಧೈರ್ಯದಿಂದ ಒಳಗೆಲ್ಲ ಹುಡುಕಿದಳು. ಇಲ್ಲ. ಮುಚ್ಚಿ, ತೆರೆದು ನೋಡಿದಳು. ಇಲ್ಲ. ಪರದೆಯ ಮೇಲೆ ಹಸಿರು ಗುಡ್ಡ ಒಂದೇ ಇತ್ತು. ನಿನ್ನೆ ಅಷ್ಟು ಚೆಂದ ಕಂಡ ಗುಡ್ಡ ಈಗ ಯಾರೂ ಇಲ್ಲದ ಬಯಲಿನಂತೆ ಅವಳನ್ನು ಹೆದರಿಸಿತು.

ಮುಚ್ಚಿಡುವುದು ಅವಳಿಗೆ ಬರುತ್ತಿರಲಿಲ್ಲ. ಎದ್ದು ನಿಂತು, “ಕವಿಗಳ, ನಿಮ್ಮ ನಾಟಕ ಕಾಣವಲ್ದ್ರಿ” ಅಂದಳು.

ಬೆನಕಪ್ಪನಿಗೆ ಮೊದಲು ತಿಳಿಯಲಿಲ್ಲ, ತಿಳಿದಾಗ ಕೂತುಬಿಟ್ಟ. “ಹಂಗಂದ್ರೇನವಾ? ಇನ್ನೊಮ್ಮೆ ಹೇಳು ಅಂದ್ರ ನನ್ನ ಕೈಲಿ ಆಗಂಗಿಲ್ಲ. ಅದು ಹೋತಂದ್ರ ಹೋತು” ಎಂದ. ಗದ್ದಲ ಕೇಳಿ ಮನೆಯಿಂದ ಗುರುಬಸವರಾಜ ಬಂದ, ಅವನ ಹಿಂದೆಯೇ ಅರ್ಚನಾ. ಅವನು ಹಂಪಮ್ಮನಿಗೆ ಬೈಯಲಿಲ್ಲ. ಒಮ್ಮೆ ಕುರ್ಚಿಯನ್ನು ನೋಡಿದ, ಒಮ್ಮೆ ಹಿಂದಿನ ಕೋಣೆಯ ಬಾಗಿಲನ್ನು ನೋಡಿದ. ಅಷ್ಟರಲ್ಲೇ ಹಂಪಮ್ಮನಿಗೆ ಎಲ್ಲ ಅರ್ಥವಾಯಿತು. ಕುರ್ಚಿಯ ಬೆನ್ನಿನ ಮೇಲಿದ್ದ ತನ್ನ ಕೈಯನ್ನು ಮೆಲ್ಲಗೆ ತೆಗೆದುಕೊಂಡಳು.

ಅರ್ಚನಾ ಮಾತ್ರ ಕುರ್ಚಿಯ ಹತ್ತಿರವೂ ಹೋಗದೆ ನಿಂತಲ್ಲಿಂದಲೇ ಕೇಳಿದಳು: “ಆಂಟಿ, ಇದರ ಮೇಲೆ ಐಕಾನ್ ಎಲ್ಲ ಇದ್ವಲ್ಲ, ಅವನ್ನ ಏನು ಮಾಡಿದ್ರಿ?”

“ಬೋರ್ಡ್ ಅಲ್ಲೇನವಾ ಅವು? ಸಾವ್ಕಾರ್ರು ಚೊಕ್ಕ ಮಾಡು ಅಂದ್ರು. ಕಸದ ಬುಟ್ಟಿಗೆ ಹಾಕಿದೆ.”

“ಬುಟ್ಟಿ ಖಾಲಿ ಮಾಡಿದ್ರಾ?”

ಗುರುಬಸವರಾಜನ ಮುಖ ಇಳಿಯಿತು. “ಖಾಲಿ ಮಾಡು ಅಂದಾವ ನಾನ” ಎಂದು ತನ್ನಷ್ಟಕ್ಕೆ ಅಂದುಕೊಂಡ.

“ಇಲ್ಲವಾ. ದೀಪ ಹಚ್ಚಿದ್ರು. ಬೆಳಗ್ಗೆ ನೋಡಿ ಹಾಕೋಣಂತ ಹಂಗ ಬಿಟ್ಟೀನಿ” ಅಂದಳು ಹಂಪಮ್ಮ.

ಅರ್ಚನಾ ಒಂದು ಗಳಿಗೆ ಅವಳನ್ನೇ ನೋಡಿ ನಕ್ಕುಬಿಟ್ಟಳು. ಹಾಸ್ಯದ ನಗುವಲ್ಲ, ಎದೆಯ ಭಾರ ಇಳಿದವರ ನಗು. “ಹಂಗಾದ್ರೆ ಏನೂ ಹೋಗಿಲ್ಲ ಆಂಟಿ. ಖಾಲಿ ಮಾಡಿದ್ರೆ ನನ್ನ ಕೈಲೂ ಆಗ್ತಿರಲಿಲ್ಲ. ಕೂತ್ಕೊಳ್ಳಿ, ನೀವೇ ತೆಗೀರಿ, ನಾನು ಹೇಳ್ತೀನಿ.”

ಹಂಪಮ್ಮ ಕೂತು ಬುಟ್ಟಿಯ ಮೇಲೆ ಜೋಡಿ ಹೊಡೆದಳು. ಒಳಗೆ ನಿನ್ನೆ ಎಸೆದದ್ದೆಲ್ಲ ಇತ್ತು. ಗುಡ್ಡೆ ಹಾಕಿದ ಹಾಗಲ್ಲ, ಸಾಲಾಗಿ. ಒಂದೊಂದರ ಮುಂದೆಯೂ ಅದರ ಹೆಸರು, ಅದು ಯಾವ ಜಾಗದಿಂದ ಬಂದದ್ದು, ಯಾವ ಹೊತ್ತಿಗೆ ಬಂದದ್ದು. ಕಸದ ಬುಟ್ಟಿ ತನ್ನೊಳಗೆ ಬಿದ್ದ ಪ್ರತಿಯೊಂದರ ಮನೆ ಎಲ್ಲಿ ಎಂದು ನೆನಪಿಟ್ಟುಕೊಂಡಿತ್ತು! ಅರ್ಚನಾ ಹೇಳಿದ ಹಾಗೆ ಬೆನಕಪ್ಪನ ನಾಟಕದ ಮೇಲೆ ಬಾಣವಿಟ್ಟು, ವಾಪಸು ಕಳಿಸುವ ಮಾತನ್ನು ಒತ್ತಿದಳು. ನಾಟಕ ಬುಟ್ಟಿಯಿಂದ ಮಾಯವಾಯಿತು. ಬುಟ್ಟಿ ಮುಚ್ಚಿ ನೋಡಿದರೆ ಗುಡ್ಡದ ಮೇಲೆ ಅದು ಬಂದು ಕೂತಿತ್ತು.

ತೆರೆದಳು. ಗೌಡ ತನ್ನ ಸುಟ್ಟ ಊರಿನ ಮುಂದೆ ಮಂಡಿಯೂರಿದ್ದ.

ಬೆನಕಪ್ಪ ಟವೆಲಿನಿಂದ ಕಣ್ಣೊರೆಸಿಕೊಂಡು ಯಂತ್ರಕ್ಕೂ ಹಂಪಮ್ಮನಿಗೂ ಒಂದೇ ಸಲ ಕೈಮುಗಿದ. ಗುರುಬಸವರಾಜ ಸುಮ್ಮನೆ ಹಿಂದಿನ ಕೋಣೆಗೆ ಹೋದ. ಹಂಪಮ್ಮ ಅವನ ಬೆನ್ನನ್ನೇ ನೋಡುತ್ತಿದ್ದಳು. ಅವನು ಹೊಸದೊಂದು ರಟ್ಟಿನ ತುಂಡನ್ನು ಮಡಚಿಕೊಂಡು ಬಂದ, ಬಗ್ಗಿ ಅವಳ ಕುರ್ಚಿಯ ಗಿಡ್ಡ ಕಾಲಿನ ಕೆಳಗೆ ತೂರಿಸಿದ, ಅಲುಗಾಡಿಸಿ ನೋಡಿದ.

“ಕುಂದ್ರು. ಕವಿಗಳಿಗೆ ತಡ ಆಗ್ತೈತಿ, ಹಾಳಿ ತಗದು ಕೊಡು” ಅಂದ.

ಅರ್ಚನಾ ಎರಡು ದಿನ ಇದ್ದು ಫ್ಲಾಪಿಗೆ ಹಾಕುವುದನ್ನೂ ಬಾಣದ ಗುರುತನ್ನೂ ಕಲಿಸಿ ಹರಪನಹಳ್ಳಿಗೆ ಹೋದಳು. ನಾಟಕ ತಂಬ್ರಹಳ್ಳಿಯಲ್ಲಿ ಬೆಳಗಿನವರೆಗೂ ನಡೆಯಿತೆಂದು ಸುದ್ದಿ ಬಂತು.

ಹಂಪಮ್ಮ ಮನೆಯಲ್ಲಿ ಈ ಕತೆಯನ್ನು ಎಷ್ಟು ಸಲ ಹೇಳಿದರೂ ಭರಮಮ್ಮ ನಂಬಲಿಲ್ಲ. ಕೊನೆಗೆ ಒಂದು ಮಧ್ಯಾಹ್ನ ಕೋಲೂರಿಕೊಂಡು ಪ್ರೆಸ್ಸಿಗೇ ಬಂದಳು. ಟಾಕೀಸಿನಲ್ಲಿ ನಿಲ್ಲುತ್ತಿದ್ದ ಹಾಗೆಯೇ ಬಾಗಿಲ ಪಕ್ಕ ನಿಂತಳು.

“ಒಳಗ ಬಾ ಯವ್ವಾ. ಇಲ್ಲಿ ಕುಂದ್ರು” ಎಂದು ಹಂಪಮ್ಮ ತನ್ನ ಕುರ್ಚಿಯಿಂದ ಎದ್ದಳು.

“ನಿಂದ್ರತೀನಿ ಬಿಡ” ಅಂದಳು ಭರಮಮ್ಮ. ಹಂಪಮ್ಮ ಬಿಡಲಿಲ್ಲ, ಭುಜ ಹಿಡಿದು ಕೂರಿಸಿದಳು. ಮುದುಕಿ ಕುರ್ಚಿಯ ಅಂಚಿನಲ್ಲಿ ಕೂತು, ಕೋಲನ್ನು ಮಡಿಲಲ್ಲಿಟ್ಟುಕೊಂಡು, ಹಸಿರು ಗುಡ್ಡವನ್ನು ಬಹಳ ಹೊತ್ತು ನೋಡಿದಳು. “ಎಂಥಾ ಚೊಕ್ಕ ಗುಡ್ಡ” ಅಂದಳು.

ಹಂಪಮ್ಮ ಅವಳ ಹೆಗಲ ಮೇಲಿನಿಂದ ಕೈಚಾಚಿ, ಪುಟ್ಟದೊಂದು ಹಾಳೆಯನ್ನು ಎಳೆದು ಬುಟ್ಟಿಗೆ ಹಾಕಿದಳು. ಬುಟ್ಟಿ ತೆರೆದು ಅದರ ಹೆಸರನ್ನೂ ಅದರ ಜಾಗವನ್ನೂ ಓದಿ ಹೇಳಿದಳು. ಒತ್ತಿದಳು. ಹಾಳೆ ವಾಪಸು ತನ್ನ ಜಾಗಕ್ಕೆ ಹೋಗಿ ಕೂತಿತು.

“ಇನ್ನೊಮ್ಮೆ ಮಾಡು” ಅಂದಳು ಭರಮಮ್ಮ.

ಇನ್ನೊಮ್ಮೆ ಮಾಡಿದಳು. ಮುದುಕಿ ಪರದೆಯ ಹತ್ತಿರಕ್ಕೆ ಬಾಗಿದಳು. ಸಿಪ್ಪೆಯ ನಡುವೆ ಬೆಂಡೋಲೆ ಹುಡುಕಿದ ಬೆರಳು ಆ ಬುಟ್ಟಿಯ ಚಿತ್ರವನ್ನು ಮುಟ್ಟಿತು.

“ಬೆಳತನಕ ಹೊರಗ ಹಾಕಂಗಿಲ್ಲೇನಿದು?”

“ನಾ ಹೇಳೋತನಕ ಹಾಕಂಗಿಲ್ಲ ಯವ್ವಾ. ಹಾಕಬೇಕಂದ್ರೂ ಖರೇನಾ ಅಂತ ಕೇಳ್ತೈತಿ.”

ಭರಮಮ್ಮ ಮೆಲ್ಲಗೆ ಹಿಂದಕ್ಕೆ ಒರಗಿದಳು. ಕುರ್ಚಿ ಅಲುಗಲಿಲ್ಲ. ಅವಳ ಕಣ್ಣು ತುಂಬಿ ಬಂದಿತ್ತು, ಬಾಯಿ ನಗುತ್ತಿತ್ತು.

“ಲೇ ಹಂಪಿ, ಇದನ್ನ ಮಾಡಿದವರು ಯಾವ ದೇಶದವರೋ ಗೊತ್ತಿಲ್ಲ” ಅಂದಳು. “ಆದ್ರ ಎಲ್ಲೋ ಒಂದು ಕಡೆ ಕಸ ಹೊಡದಿರಬೇಕು ನೋಡು ಅವರು.”